ಹತ್ತು ಗೆರೆಯವರು

ಚನಿಯಣ್ಣನ ಬಗ್ಗೆ ಯಾರಾದರೂ ಬರೆಯಲೇಬೇಕು. ಬೇರೆ ಯಾರೂ ಬರೆಯುವ ಲಕ್ಷಣ ಕಾಣದ್ದರಿಂದ ನಾನೇ ಕೂತಿದ್ದೇನೆ. ನನ್ನ ಹೆಸರು ಝುಲ್ಫಾ. ಬಹ್ರೈನಿನ ಸಿತ್ರಾದಲ್ಲಿ ತರಕಾರಿ ಆಮದು ಮಾಡುವ ಒಂದು ಕಂಪನಿಯ ಗೋದಾಮಿನಲ್ಲಿ ಕಾಗದಪತ್ರ ನೋಡಿಕೊಳ್ಳುವ ಕೆಲಸ. ಒಂದು ಕಂಟೇನರ್ ಬಂತೆಂದರೆ ಅದರ ಬಾಲ ಹಿಡಿದುಕೊಂಡು ಹದಿನೆಂಟು ಹಾಳೆ ಬರುತ್ತವೆ. ಸೀಲು, ಸಹಿ, ನಕಲು, ನಕಲಿನ ನಕಲು. ನನಗೆ ಕೋಪ ಮೂಗಿನ ತುದಿಯಲ್ಲೇ ಎಂದು ಈಸಾ ಟೌನಿನ ನಮ್ಮ ಮನೆಯಲ್ಲೂ ಹೇಳುತ್ತಾರೆ, ಗೋದಾಮಿನಲ್ಲೂ ಹೇಳುತ್ತಾರೆ. ಹೇಳಲಿ. ಹದಿನೆಂಟು ಹಾಳೆ ಅವರೇ ಒಮ್ಮೆ ತುಂಬಿಸಿ ನೋಡಲಿ.

ಚನಿಯಣ್ಣ ಅದೇ ಗೋದಾಮಿನಲ್ಲಿ ಬಟಾಟೆ ಆರಿಸುವವರು. ಬೆಳ್ಳಾರೆ ಕಡೆಯವರು, ವಯಸ್ಸು ಐವತ್ತೆರಡು. ಬಹ್ರೈನಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಮೊದಲ ಮೂರು ವರ್ಷ ಮೇಸ್ತ್ರಿಯ ಕೈಕೆಳಗೆ ಕಲ್ಲು ಹೊತ್ತರು. ಸೊಂಟ ಹಿಡಿದ ಮೇಲೆ ಯಾರೋ ತಂದು ನಮ್ಮಲ್ಲಿ ಬಿಟ್ಟರು. ಉದ್ದದ ಒಂದು ಮೇಜಿನ ಮೇಲೆ ಚೀಲ ಸುರಿಯುತ್ತಾರೆ. ಕೊಳೆತದ್ದು, ಹಸಿರು ತಿರುಗಿದ್ದು, ಗಾಯವಾದದ್ದು ಎಲ್ಲವನ್ನೂ ಚನಿಯಣ್ಣ ಆಚೆ ತೆಗೆಯಬೇಕು. ಅವರ ಕಣ್ಣಿಗಿಂತ ಮೂಗು ಚುರುಕು. ಬಾಗಿಲಲ್ಲಿ ನಿಂತೇ, "ಆ ಮೂರನೇ ಸಾಲಿನ ಚೀಲದಲ್ಲಿ ಒಂದು ಹಾಳಾಗಿದೆ" ಎಂದು ಹೇಳುತ್ತಾರೆ. ಬಿಚ್ಚಿ ನೋಡಿದರೆ ಒಂದೇ ಒಂದು, ಅದೂ ತಳದಲ್ಲಿ. ಕೆಲವರಿಗೆ ದೇವರು ಇಂಥದ್ದೆಲ್ಲ ಕೊಟ್ಟಿರುತ್ತಾನೆ, ಏನು ಮಾಡುವುದು.

ಆರಿಸುವ ಕೆಲಸ ಮುಗಿದ ಮೇಲೆ ಚಹಾ ಮಾಡುವುದೂ ಅವರೇ. ನನ್ನ ಆಫೀಸಿನ ಮೂಲೆಯಲ್ಲಿ ಒಂದು ಕೆಟಲ್, ಒಂದು ಕಪಾಟು, ಕಪಾಟಿನಲ್ಲಿ ಸಕ್ಕರೆ, ಚಹಾಪುಡಿ, ಹಾಲಿನ ಪುಡಿಯ ಡಬ್ಬಿಗಳು. ಅದು ಅವರ ರಾಜ್ಯ. ನಾನು ಅಲ್ಲಿಗೆ ಕೈ ಹಾಕುವುದಿಲ್ಲ.

ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ. ನನ್ನ ಮನೆಮಾತು ಬ್ಯಾರಿ. ಆದರೆ ಮಂಗಳೂರಿನ ಬಂದರಿನಲ್ಲಿ ಬೆಳೆದವಳಿಗೆ ತುಳು ಬಾರದೇ ಇರುತ್ತದೆಯೇ? ಇಲ್ಲಿ ಅದನ್ನು ಕನ್ನಡಕ್ಕೆ ತಿರುಗಿಸಿ ಬರೆದಿದ್ದೇನೆ. ಒಂದು ಮಾತನ್ನು ಮಾತ್ರ ಹಾಗೆಯೇ ಬಿಡುತ್ತೇನೆ, ಯಾಕೆಂದರೆ ಚನಿಯಣ್ಣ ಎಂದರೆ ನನಗೆ ಮೊದಲು ಕೇಳುವುದು ಅದೇ: "ಮೇರ್ ಏರ್?" ಅಂದರೆ, "ಇವರು ಯಾರು?"

ಹೊಸಬರು ಬಂದಾಗ ಕೇಳುವ ಪ್ರಶ್ನೆಯಲ್ಲ ಇದು. ಹುಳ ಕಂಡಾಗ ಕೇಳುವುದು. ನೀರುಳ್ಳಿ ಚೀಲದಿಂದ ಚೇಳು ಹೊರಟರೆ "ಮೇರ್ ಏರ್?" ಗೋಡೆಯ ಮೇಲೆ ಪತಂಗ ಕೂತರೆ "ಮೇರ್ ಏರ್?" ಹುಳವನ್ನು ಅವರು "ಅದು" ಎಂದದ್ದು ನಾನು ಕೇಳಿಲ್ಲ. ಒಮ್ಮೆ ಬಾಳೆಹಣ್ಣಿನ ಪೆಟ್ಟಿಗೆಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಕಪ್ಪೆಯೊಂದು ಸಮುದ್ರ ದಾಟಿ ಬಂದಿತ್ತು. ಎ.ಸಿ.ಯ ನೀರು ತೊಟ್ಟಿಕ್ಕುವ ಜಾಗದಲ್ಲಿ ಅದಕ್ಕೆ ಮನೆ ಮಾಡಿಕೊಟ್ಟರು.

"ಅವರಿಗೊಂದು ವೀಸಾ ಮಾಡಿಸಿಬಿಡಿ, ಚನಿಯಣ್ಣ" ಎಂದು ನಾನು ಗೇಲಿ ಮಾಡಿದೆ.

"ಆಗ್ತಿದ್ರೆ ಮಾಡಿಸ್ತಿದ್ದೆ ತಂಗೀ. ಹೆಸರೇ ಗೊತ್ತಿಲ್ಲ, ಫಾರ್ಮಿನಲ್ಲಿ ಎಂತ ಬರೆಯುವುದು?"

ಅವರು ಓದಿದ್ದು ನಾಲ್ಕನೇ ಕ್ಲಾಸು. ಚಿಕ್ಕಂದಿನಲ್ಲಿ ತಾಯಿ ಧಣಿಗಳ ಬದನೆ ಸಾಲಿನಲ್ಲಿ ಹುಳ ಹೆಕ್ಕುವ ಕೆಲಸಕ್ಕೆ ಹೋಗುತ್ತಿದ್ದರಂತೆ, ಇವರೂ ಜೊತೆಗೆ. ತೆಂಗಿನ ಗೆರಟೆಯಲ್ಲಿ ಹುಳ ತುಂಬಿಸಿ ಬಿಸಿನೀರಿಗೆ ಹಾಕುವುದು. ಹಾಕುವ ಮೊದಲು ಇವರು ಒಂದೊಂದನ್ನೂ ನೋಡುತ್ತಾ ಕೂರುತ್ತಿದ್ದರು. ಇದರ ಹೆಸರೇನು ಎಂದು ತಾಯಿಯನ್ನು ಕೇಳಿದರೆ ಹುಳ, ಮಾಸ್ತರರನ್ನು ಕೇಳಿದರೆ ಹುಳ, ಧಣಿಗಳನ್ನು ಕೇಳಿದರೆ ಬೆನ್ನಿಗೊಂದು ಏಟು.

"ಹುಳ ಅಂದ್ರೆ ಜನ ಅಂದ ಹಾಗೆ ಆಯ್ತಲ್ಲ ತಂಗೀ. ಯಾವ ಜನ? ಎಲ್ಲಿಯವರು? ಯಾರ ಪೈಕಿ?" ಎಂದು ಒಮ್ಮೆ ನನ್ನನ್ನೇ ಕೇಳಿದ್ದರು. ಆವತ್ತು ಕಸ್ಟಮ್ಸಿನವರು ಫೋನಿನಲ್ಲಿದ್ದರು, ಆಮೇಲೆ ನೋಡೋಣ ಎಂದು ಕೈಸನ್ನೆ ಮಾಡಿದೆ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ಮಾರ್ಚಿನ ಒಂದು ಭಾನುವಾರ. ಇಲ್ಲಿ ವಾರ ಶುರುವಾಗುವುದೇ ಭಾನುವಾರ, ಹಾಗಾಗಿ ತಲೆಬಿಸಿಯೂ ಅಂದೇ ಶುರು. ಯುರೋಪಿನಿಂದ ಬಟಾಟೆಯ ಕಂಟೇನರ್ ಬಂದಿತ್ತು. ತೊಳೆದ ಬಟಾಟೆಯಲ್ಲ, ಮಣ್ಣು ಮೆತ್ತಿಕೊಂಡೇ ಇರುವಂಥದ್ದು. ಮ್ಯಾನೇಜರ್ ಅಗಸ್ಟಿನ್ ಸರ್ ರಜೆಯಲ್ಲಿ ಊರಿಗೆ ಹೋಗಿದ್ದರು. ಹೋದವರು ಸುಮ್ಮನಿರದೆ ದಿನಕ್ಕೆ ನಾಲ್ಕು ಸಲ ಫೋನು.

ಎಂಟು ಗಂಟೆಗೆ ಚನಿಯಣ್ಣ ಒಳಗೆ ಬಂದರು. ಬಲಗೈ ಮುಷ್ಟಿ ಕಟ್ಟಿತ್ತು. ನನ್ನ ಮೇಜಿನ ಮೇಲೆ ಕೈ ಚಾಚಿ ಮೆಲ್ಲಗೆ ಬಿಚ್ಚಿದರು.

"ತಂಗೀ, ಒಂಚೂರು ನೋಡಿ. ಮೇರ್ ಏರ್?"

ನೆನೆಸಿದ ಕಡಲೆಯಷ್ಟು ದೊಡ್ಡದು. ಬೆನ್ನು ಉಬ್ಬು, ತಿಳಿಹಳದಿ. ತಲೆಯಿಂದ ಬುಡದವರೆಗೆ ಕಪ್ಪು ಗೆರೆಗಳು, ಅಳತೆ ಹಿಡಿದು ಎಳೆದಂತೆ. ಕತ್ತಿನ ಭಾಗ ಕಿತ್ತಳೆ ಬಣ್ಣ, ಅದರ ಮೇಲೆ ಕಪ್ಪು ಚುಕ್ಕಿ. ಸುಳ್ಳು ಯಾಕೆ ಹೇಳಲಿ, ಚೆಂದ ಇತ್ತು.

"ಸತ್ತಿದೆ" ಎಂದೆ.

"ಸತ್ತಿಲ್ಲ. ಮಣ್ಣಿನ ಹೆಂಟೆಯ ಒಳಗೆ ಮಲಗಿದ್ರು. ಕಂಟೇನರಿನ ಚಳಿ ಅಲ್ವಾ, ಮರಗಟ್ಟಿದ್ದಾರೆ. ಕೈ ಬಿಸಿ ತಾಗಿದ್ರೆ ಏಳ್ತಾರೆ, ನೋಡಿ, ನೋಡಿ!"

ಒಂದು ಕಾಲು ಆಡಿತು. ಆಮೇಲೆ ಇನ್ನೊಂದು. ಚನಿಯಣ್ಣನ ಮುಖ ನೋಡಬೇಕಿತ್ತು, ಮನೆಗೆ ನೆಂಟರು ಬಂದಷ್ಟು ಸಂಭ್ರಮ.

"ಗೆರೆ ಲೆಕ್ಕ ಮಾಡಿದೆ. ಹತ್ತು. ಆಚೆ ರೆಕ್ಕೆಯಲ್ಲಿ ಐದು, ಈಚೆ ರೆಕ್ಕೆಯಲ್ಲಿ ಐದು. ನಮ್ಮ ಊರಿನ ಬದನೆಯವರಿಗೆ ಚುಕ್ಕಿ, ಇವರಿಗೆ ಗೆರೆ. ದೂರದ ಸಂಬಂಧಿಕರೋ ಏನೋ."

"ನಿಮಗೆ ಸಂಬಂಧಿಕರು ಕಮ್ಮಿ ಆಗಿದ್ದಾರಾ ಮಾರಾಯ್ರೆ? ಮೆಟ್ಟಿ ಬಿಸಾಡಿ."

ಅವರು ಕೈ ಮಡಚಲಿಲ್ಲ. "ಇದುವರೆಗೆ ಇಂಥವರು ಬಂದದ್ದಿಲ್ಲ ತಂಗೀ. ಕೃಷಿ ಇಲಾಖೆಯವರಿಗೆ ಹೇಳ್ಬೇಡ್ವಾ?"

ಹೇಳಬೇಕು. ನನಗೆ ಗೊತ್ತಿತ್ತು. ಗೋದಾಮಿನ ಪರೀಕ್ಷೆಯ ಹಾಳೆಯಲ್ಲಿ ಅದಕ್ಕೆಂದೇ ಒಂದು ಪ್ರಶ್ನೆ ಇದೆ: ಜೀವಂತ ಕೀಟ ಕಂಡುಬಂದಿದೆಯೇ? ಹೌದು, ಇಲ್ಲ, ಎರಡು ಚೌಕ. ಚೀಲಗಳನ್ನೆಲ್ಲ ನೋಡಿದ ಮೇಲೆ ತುಂಬಿಸಬೇಕಾದ ಆ ಹಾಳೆಯನ್ನು ನಾನು ಕಂಟೇನರಿನ ಬಾಗಿಲು ತೆಗೆಯುವ ಮೊದಲೇ ತುಂಬಿಸಿ, "ಇಲ್ಲ" ಎಂದು ಗುರುತು ಹಾಕಿ, ಸಹಿ ಮಾಡಿ, ಸ್ಕ್ಯಾನ್ ಮಾಡಿ ಕಳುಹಿಸಿಯಾಗಿತ್ತು. ವರ್ಷಗಳಿಂದ ಹಾಗೆಯೇ ಮಾಡುತ್ತಿದ್ದೆ. ಯಾವಾಗಲೂ ಇಲ್ಲವೇ ಇರುತ್ತಿತ್ತು, ಮತ್ತೆ ಕಾದು ಕೂರುವುದು ಯಾಕೆ?

"ಹೇಳಿದ್ರೆ ಎಂತ ಆಗ್ತದೆ ಗೊತ್ತುಂಟಾ? ಪೂರ್ತಿ ಕಂಟೇನರ್ ಹಿಡಿದಿಡ್ತಾರೆ. ಅಗಸ್ಟಿನ್ ಸರ್ ಅಲ್ಲಿಂದಲೇ ನನ್ನ ಚರ್ಮ ಸುಲೀತಾರೆ. ನಿಮ್ಮ ಹತ್ತು ಗೆರೆಯವರನ್ನು ತೆಗೊಂಡು ಹೋಗಿ, ಮೆಟ್ಟಿ, ಕೈ ತೊಳ್ಕೊಳ್ಳಿ. ನಾನು ನೋಡಿಲ್ಲ, ನೀವು ತೋರಿಸಿಲ್ಲ. ಆಯ್ತಾ?"

ಇನ್ನೊಂದು ಮಾತೂ ಸೇರಿಸಿದೆ. ಜೀವ ಇರುವ ಏನನ್ನಾದರೂ ಗೋದಾಮಿನಲ್ಲಿ ಅಡಗಿಸಿಟ್ಟುಕೊಂಡವರನ್ನು ಅದೇ ವಾರ ಊರಿಗೆ ಕಳುಹಿಸುವುದು ಕಂಪನಿಯ ನಿಯಮ, ಕಪ್ಪೆಯ ಪ್ರಕರಣದ ನಂತರ ಅಗಸ್ಟಿನ್ ಸರ್ ಮಾಡಿದ್ದು. ಅದನ್ನು ನೆನಪಿಸಿದೆ. ಚನಿಯಣ್ಣ ತಲೆ ಆಡಿಸಿದರು. "ಆಯ್ತು ತಂಗೀ" ಎಂದು ಮುಷ್ಟಿ ಕಟ್ಟಿಕೊಂಡು ಹೋದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮರುದಿನ ಚಹಾ ತಂದಿಡುತ್ತಾ ಕೇಳಿದರು, "ನಿಮ್ಮ ಬಾಲ್ಕನಿಯಲ್ಲಿ ಬದನೆ ಗಿಡ ಉಂಟು ಅಂದಿದ್ರಲ್ಲ. ನಾಲ್ಕು ಎಲೆ ತರ್ತೀರಾ?"

"ಎಂತಕ್ಕೆ? ಸೊಂಟಕ್ಕಾ?"

"ಹ್ಞಾಂ... ಹಾಗೇ" ಎಂದರು. ಬದನೆ ಎಲೆ ಸೊಂಟನೋವಿಗೆ ಆಗುತ್ತದೆ ಎಂದು ನಾನು ಕೇಳಿದ್ದಿಲ್ಲ, ಆದರೆ ಹಳ್ಳಿಯವರಿಗೆ ಏನೇನೋ ಗೊತ್ತಿರುತ್ತದೆ. ಮಂಗಳವಾರ ಬೆಳಿಗ್ಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದುಕೊಟ್ಟೆ. ಬಿಸಿ ಮಾಡಿ ಕಟ್ಟಿ ಎಂದು ಸಲಹೆಯನ್ನೂ ಕೊಟ್ಟೆ. ಎಂಥ ಪೆದ್ದಿ ನಾನು!

ಅದೇ ದಿನ ಮಧ್ಯಾಹ್ನ ಮತ್ತೆ ಬಂದರು. "ತಂಗೀ, ಫೋನಿನಲ್ಲಿ ಹುಳದ ಹೆಸರು ಹುಡುಕ್ಲಿಕ್ಕೆ ಆಗ್ತದಂತೆ ಅಲ್ವಾ?"

"ಸತ್ತ ಹುಳಕ್ಕೆ ಹೆಸರು ಯಾಕೆ ಚನಿಯಣ್ಣ? ತಲೆ ತಿನ್ಬೇಡಿ."

ಅವರು ಖಾಲಿ ಲೋಟ ಎತ್ತಿಕೊಂಡು ಹೋದರು. ಬುಧವಾರ ಇನ್ನೊಂದು ಪ್ರಶ್ನೆ. ಯಾರಾದರೂ ಮುಟ್ಟಿದ ಕೂಡಲೇ ಕಾಲು ಮಡಚಿ ಸತ್ತ ಹಾಗೆ ಬೀಳುವವರು, ಸ್ವಲ್ಪ ಹೊತ್ತು ಬಿಟ್ಟು ಎದ್ದು ನಡೆಯುವವರು ಯಾರಿರಬಹುದು?

"ನಮ್ಮ ಅಗಸ್ಟಿನ್ ಸರ್. ಸಂಬಳ ಜಾಸ್ತಿ ಮಾಡಿ ಅಂತ ಕೇಳಿ ನೋಡಿ" ಎಂದೆ. ಇಬ್ಬರೂ ನಕ್ಕೆವು. ನನಗೆ ಆಗಲಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಗುರುವಾರ ಹತ್ತು ಗಂಟೆಗೆ ಕೃಷಿ ಇಲಾಖೆಯಿಂದ ಇನ್‌ಸ್ಪೆಕ್ಟರ್ ಬಂದ. ಹೆಸರು ರಾಶಿದ್, ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗ, ಇಲ್ಲಿಯವನೇ. ಇದು ಮೂರು ತಿಂಗಳಿಗೊಮ್ಮೆ ಆಗುವ ಮಾಮೂಲಿ ಭೇಟಿ, ಯಾರೋ ದೂರು ಕೊಟ್ಟು ಬಂದದ್ದಲ್ಲ. ಅವನು ಒಳಗೆ ಕಾಲಿಡುವಾಗ ನಾನು ಅಗಸ್ಟಿನ್ ಸರ್ ಜೊತೆ ಫೋನಿನಲ್ಲಿದ್ದೆ. ಕೂತುಕೊಳ್ಳಿ ಎಂದು ಕೈಸನ್ನೆ ಮಾಡಿದೆ. ಚನಿಯಣ್ಣ ಕೆಟಲ್ ಮುಂದೆ ನಿಂತಿದ್ದರು.

ರಾಶಿದ್ ಕಿಟಕಿಯಿಂದ ಬಟಾಟೆ ರಾಶಿಯ ಕಡೆ ನೋಡಿ, ಚನಿಯಣ್ಣನ ಕಡೆ ತಿರುಗಿ ಕೇಳಿದ: "ದೂದ್ ಫೀ?"

ಇಲ್ಲಿ ಸ್ವಲ್ಪ ನಿಲ್ಲಿಸಿ ಹೇಳಬೇಕು. ಅರಬ್ಬಿಯಲ್ಲಿ ದೂದ್ ಎಂದರೆ ಹುಳ. "ದೂದ್ ಫೀ?" ಎಂದರೆ "ಹುಳ ಇದೆಯಾ?" ಬಟಾಟೆ ನೋಡಲು ಬಂದ ಇನ್‌ಸ್ಪೆಕ್ಟರ್ ಬೇರೆ ಇನ್ನೇನು ಕೇಳುತ್ತಾನೆ? ಆದರೆ ಇಲ್ಲಿಯ ಎಷ್ಟೋ ಜನ ನಮ್ಮ ಹತ್ತಿರ ಹಿಂದಿ ಮಾತಾಡುತ್ತಾರೆ, ಅರ್ಧ ಹಿಂದಿ ಅರ್ಧ ಅರಬ್ಬಿ. ಹಿಂದಿಯ ದೂಧ್ ಎಂದರೆ ಹಾಲು. ಚಹಾದ ಲೋಟ ಕೈಯಲ್ಲಿ ಹಿಡಿದು ನಿಂತವರ ಕಿವಿಗೆ ಅದು ಹಾಲಲ್ಲದೆ ಮತ್ತೇನಾಗಿ ಕೇಳಬೇಕು?

"ಫೀ, ಫೀ!" ಎಂದರು ಚನಿಯಣ್ಣ ಮುಖವರಳಿಸಿ. "ವಾಜಿದ್ ಫೀ!" ಇದೆ, ಬೇಕಾದಷ್ಟಿದೆ.

ರಾಶಿದನ ಹುಬ್ಬು ಮೇಲೇರಿತು. ಹುಳ ಉಂಟೇ ಉಂಟು ಎಂದು ಇಷ್ಟು ಖುಷಿಯಿಂದ ಹೇಳುವ ಗೋದಾಮನ್ನು ಅವನು ಇದುವರೆಗೆ ಕಂಡಿರಲಿಕ್ಕಿಲ್ಲ. "ಕಹಾಂ?" ಎಂದು ಕೇಳಿದ.

"ಡಬ್ಬಾ ಮೇ. ಊಪರ್. ಏಕ್‌ದಂ ಫ್ರೆಶ್, ಆಪ್ ಕಾ ವಾಸ್ತೇ" ಎಂದು ಕಪಾಟಿನ ಕಡೆ ಗಲ್ಲ ತೋರಿಸಿ, ಕುದಿಯುವ ನೀರನ್ನು ಲೋಟಕ್ಕೆ ಬಗ್ಗಿಸತೊಡಗಿದರು.

ನನಗೆ ಅರಬ್ಬಿಯೂ ಬರುತ್ತದೆ, ಹಿಂದಿಯೂ ಬರುತ್ತದೆ. ಏನಾಯಿತೆಂದು ನನಗೆ ಆ ಕ್ಷಣವೇ ತಿಳಿದು ನಗು ಒತ್ತರಿಸಿ ಬಂತು. ಅಗಸ್ಟಿನ್ ಸರ್‌ಗೆ ಆಮೇಲೆ ಮಾಡುತ್ತೇನೆಂದು ಹೇಳಿ ಫೋನಿಟ್ಟು, ವಿವರಿಸೋಣವೆಂದು ಎದ್ದೆ. ಅಷ್ಟರಲ್ಲಿ ರಾಶಿದ್ ಕಪಾಟಿಗೆ ಕೈ ಹಾಕಿ ಒಂದು ಹಾಲಿನ ಪುಡಿಯ ಡಬ್ಬಿ ಇಳಿಸಿದ್ದ. ಅದರ ಮುಚ್ಚಳದಲ್ಲಿ ಮೊಳೆಯಿಂದ ತೂತು ಮಾಡಿತ್ತು. ತೂತು ಯಾಕೆ ಎಂದು ನಾನು ಯೋಚಿಸುವಷ್ಟರಲ್ಲಿ ಮುಚ್ಚಳ ತೆರೆದ.

ಯಾ ಅಲ್ಲಾಹ್! ಒಳಗೆ ನನ್ನದೇ ಬಾಲ್ಕನಿಯ ಬದನೆ ಎಲೆ. ಎಲೆಯ ಮೇಲೆ ಹತ್ತು ಗೆರೆಯವರು, ಆರೋಗ್ಯವಾಗಿ, ಹೊಟ್ಟೆ ತುಂಬಾ ತಿಂದುಕೊಂಡು.

ಚನಿಯಣ್ಣ ತಿರುಗಿ ನೋಡಿದರು; ಲೋಟ ತುಂಬಿ ನೀರು ಮೇಜಿನ ಮೇಲೆ ಹರಿಯುತ್ತಿದ್ದುದು ಅವರಿಗೆ ಗೊತ್ತೇ ಆಗಲಿಲ್ಲ.

ರಾಶಿದ್ ಕೂಗಾಡುತ್ತಾನೆಂದು ನಾನು ಕಾದೆ. ಕೂಗಾಡಲಿಲ್ಲ. ಡಬ್ಬಿಯನ್ನು ಬೆಳಕಿಗೆ ಹಿಡಿದು ಬಗ್ಗಿ ನೋಡಿದ. ಮುಚ್ಚಳವನ್ನು ಅರೆಬರೆ ಮುಚ್ಚಿ, ಮತ್ತೆ ತೆರೆದು ನೋಡಿದ. ಇದನ್ನು ಫೋಟೋದಲ್ಲಿ ನೋಡಿದ್ದೆ, ಸೂಜಿ ಚುಚ್ಚಿ ಒಣಗಿಸಿಟ್ಟದ್ದನ್ನು ನೋಡಿದ್ದೆ, ಜೀವಂತ ನೋಡುತ್ತಿರುವುದು ಇದೇ ಮೊದಲು ಎಂದ. ಕೊಲೊರಾಡೊ ಬಟಾಟೆ ಹುಳ. ಹುಟ್ಟೂರು ಅಮೆರಿಕದ ಕಡೆ. ಆಮೇಲೆ ಹಡಗು ಹತ್ತಿ ಯುರೋಪಿಗೆ ಬಂತು. ಹೋದಲ್ಲೆಲ್ಲ ಬಟಾಟೆ ಗಿಡವನ್ನು ಎಲೆ ಇಲ್ಲದ ಕಡ್ಡಿ ಮಾಡಿ ಬಿಡುತ್ತದೆ. ಬದನೆ, ಟೊಮೆಟೊ ಸಿಕ್ಕಿದರೂ ಬಿಡುವುದಿಲ್ಲ. ಇಷ್ಟನ್ನೂ ಅವನು ಇಂಗ್ಲಿಷಿನಲ್ಲಿ ಹೇಳಿದ, ನಾನು ತುಳುವಿನಲ್ಲಿ ಚನಿಯಣ್ಣನಿಗೆ ಹೇಳಿದೆ. ಇದಕ್ಕೊಂದು ಶಾಸ್ತ್ರದ ಹೆಸರಿದೆ, ಆ ಹೆಸರಿನ ಅರ್ಥವೇ "ಹತ್ತು ಗೆರೆಯದ್ದು" ಎಂದೂ ಹೇಳಿದ.

ಅದನ್ನೂ ತುಳುವಿಗೆ ತಂದೆ. ಚನಿಯಣ್ಣ ಒಂದು ನಿಮಿಷ ಎಲ್ಲವನ್ನೂ ಮರೆತರು. "ಹೌದಾ? ಅವರ ಹೆಸರೇ ಹಾಗಾ?" ಎಂದು ಡಬ್ಬಿಯ ಕಡೆ ಬಗ್ಗಿದರು. "ಕೊಲರಾಡೊ. ಕೊಲರಾಡೊದವರು" ಎಂದು ಎರಡು ಸಲ ಬಾಯಲ್ಲಿ ಹೇಳಿಕೊಂಡರು. ಐವತ್ತೆರಡು ವರ್ಷದಲ್ಲಿ ಮೊದಲ ಸಲ ಅವರ ಪ್ರಶ್ನೆಗೆ ಯಾರೋ ಸರಿಯಾದ ಉತ್ತರ ಕೊಟ್ಟಿದ್ದರು.

ಆಗ ರಾಶಿದ್ ಚೀಲದಿಂದ ಫಾರ್ಮ್ ತೆಗೆದ. "ಯಾವಾಗ ಸಿಕ್ಕಿದ್ದು?"

ಅವನ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ, ಅದನ್ನೂ ಅವನೇ ಬಿಡಿಸಿ ಹೇಳಿದ, ನಾನು ತುಳುವಿಗೆ ತಿರುಗಿಸಿದೆ. ಇವತ್ತು ಸಿಕ್ಕಿದ್ದಾದರೆ ಇಲ್ಲಿರುವ ಚೀಲಗಳನ್ನು ನೋಡಿದರೆ ಸಾಕು. ಮೊದಲೇ ಸಿಕ್ಕಿದ್ದಾದರೆ ಅಂದಿನಿಂದ ಹೊರಗೆ ಹೋದ ಒಂದೊಂದು ಚೀಲವನ್ನೂ ಹಿಂದೆ ತರಿಸಬೇಕು, ಸನದ್‌ನ ಅಂಗಡಿಗಳಿಂದ ಹಿಡಿದು ಬುದಯ್ಯದ ತೋಟಗಳ ಪಕ್ಕದ ಮಾರುಕಟ್ಟೆಯವರೆಗೆ. ಮೊದಲೇ ಸಿಕ್ಕಿಯೂ ಹೇಳದೆ ಅಡಗಿಸಿಟ್ಟಿದ್ದರೆ ಅಡಗಿಸಿದವರ ಹೆಸರೂ ಬೇಕು.

ಭಾನುವಾರದಿಂದ ಬುಧವಾರದವರೆಗೆ ಆರು ಟ್ರಕ್ ಹೋಗಿದ್ದವು. ಎಲ್ಲಕ್ಕೂ ಸೀಲು ಒತ್ತಿದ್ದು ನಾನು.

ಚನಿಯಣ್ಣ ನನ್ನನ್ನೊಮ್ಮೆ ನೋಡಿದರು. ಆಮೇಲೆ ರಾಶಿದನ ಮುಖ ನೋಡಿ, "ಆಜ್" ಎಂದರು. "ಅಭೀ ಅಭೀ ಮಿಲಾ."

ನಿಜ ಹೇಳುತ್ತೇನೆ, ನನಗೆ ಮೊದಲು ಆದದ್ದು ಸಮಾಧಾನ. ನಾಚಿಕೆ ಬಂದದ್ದು ಆಮೇಲೆ.

ರಾಶಿದ್ ಎಲೆಗಳನ್ನು ಇಕ್ಕಳದಿಂದ ಸರಿಸುತ್ತಿದ್ದ. ಮೇಲಿನ ಎಲೆ ಬಾಡಿತ್ತು, ಕೆಳಗಿನದು ಪೂರಾ ಒಣಗಿತ್ತು. ಇವತ್ತು ಸಿಕ್ಕಿದ ಹುಳಕ್ಕೆ ಒಣಗಿದ ಎಲೆ ಹೇಗೆ ಎಂದು ಅವನು ಕೇಳಲಿಲ್ಲ, ಆದರೆ ಆ ಯೋಚನೆ ಅವನ ಮುಖದಲ್ಲಿ ಕಾಣುತ್ತಿತ್ತು. ಎಲೆಗಳ ಅಡಿಯಿಂದ ರಟ್ಟಿನ ತುಂಡೊಂದು ಬಂತು, ಪೆಟ್ಟಿಗೆಯ ಮುಚ್ಚಳ ಹರಿದದ್ದು. ಅದರ ಮೇಲೆ ನೀಲಿ ಪೆನ್ನಿನಲ್ಲಿ ಬರಹ. ಒಂದೊಂದೇ ಅಕ್ಷರ ಒತ್ತಿ ಒತ್ತಿ ಬರೆದದ್ದು.

"ಇದೇನು?"

"ಸಾಮಾನ್ ಕಾ ಲಿಸ್ಟ್" ಎಂದು ಚನಿಯಣ್ಣ ಕೈ ಚಾಚಿದರು. ರಾಶಿದ್ ಕೊಡಲಿಲ್ಲ. ನನ್ನ ಕಡೆ ತಿರುಗಿ ಇದು ಯಾವ ಭಾಷೆ ಎಂದು ಕೇಳಿದ. ಕನ್ನಡ ಎಂದೆ. ಓದಲು ಬರುತ್ತದೆಯೇ ಎಂದ. ಬರುತ್ತದೆ ಎಂದೆ. ಹಾಗಾದರೆ ಓದಿ ಹೇಳಿ ಎಂದು ರಟ್ಟನ್ನು ನನ್ನ ಕೈಗೆ ಕೊಟ್ಟ.

ಆ ಕೋಣೆಯಲ್ಲಿ ಕನ್ನಡ ಓದಬಲ್ಲವರು ಇಬ್ಬರೇ. ಒಬ್ಬರು ಬರೆದವರು. ಇನ್ನೊಬ್ಬಳು ನಾನು. ನಾನು ಏನು ಹೇಳಿದರೂ ಅದೇ ಆಗುತ್ತಿತ್ತು. ಅಕ್ಕಿ ಐದು ಕಿಲೋ, ತೆಂಗಿನೆಣ್ಣೆ ಒಂದು ಬಾಟಲಿ, ಸಾಬೂನು ಎರಡು ಎಂದಿದ್ದರೆ ಮುಗಿದೇ ಹೋಗುತ್ತಿತ್ತು.

ಮನಸ್ಸಿನಲ್ಲೇ ಓದಿಕೊಂಡೆ.

ಭಾನುವಾರ ಬೆಳಿಗ್ಗೆ 8. ಮಣ್ಣಿನ ಹೆಂಟೆಯಲ್ಲಿ ಸಿಕ್ಕಿದರು. ಗೆರೆ 10. ಝುಲ್ಫಾ ತಂಗಿಗೆ ತೋರಿಸಿದೆ. ತಂಗಿಗೆ ಪುರುಸೊತ್ತು ಇರಲಿಲ್ಲ.

ಸೋಮವಾರ. ಬಟಾಟೆ ಕೊಟ್ಟೆ, ತಿನ್ನಲಿಲ್ಲ. ಕೊತ್ತಂಬರಿ ಕೊಟ್ಟೆ, ತಿನ್ನಲಿಲ್ಲ.

ಮಂಗಳವಾರ. ಬದನೆ ಎಲೆ ತಿಂದರು. ಅಂಚಿನಿಂದ ತಿನ್ನುತ್ತಾರೆ.

ಬುಧವಾರ. ಮುಟ್ಟಿದರೆ ಸತ್ತ ಹಾಗೆ ಬೀಳುತ್ತಾರೆ. ನೂರ ಹತ್ತು ಎಣಿಸುವಷ್ಟರಲ್ಲಿ ಎದ್ದರು.

ಗುರುವಾರ. ಹೆಸರು ಇನ್ನೂ ಗೊತ್ತಾಗಲಿಲ್ಲ.

"ಲಿಸ್ಟ್ ಅಂತ ಹೇಳಿ ತಂಗೀ" ಎಂದರು ಚನಿಯಣ್ಣ ತುಳುವಿನಲ್ಲಿ, ನೆಲ ನೋಡುತ್ತಾ. "ಹಾಳೆಯಲ್ಲಿ ನಿಮ್ಮ ಸಹಿ ಉಂಟು. ಇಟ್ಟುಕೊಂಡದ್ದು ನಾನು. ನನ್ನನ್ನು ಕಳಿಸಿದ್ರೆ ಕಳಿಸ್ಲಿ, ಊರಲ್ಲಿ ಎಂತಾದ್ರೂ ಮಾಡ್ತೇನೆ. ನಿಮ್ಮದು ಹಾಳಾಗುವುದು ಬೇಡ."

ನನಗೆ ಕೋಪ ಬಂತು. ಯಾರ ಮೇಲೆ ಎಂದು ಕೇಳಬೇಡಿ. ಗೆರೆ ಹತ್ತೋ ಒಂಬತ್ತೋ ಎಂದು ಮೂರು ಸಲ ಎಣಿಸುವ ಮನುಷ್ಯ, ನೂರ ಹತ್ತು ಎಣಿಸುತ್ತಾ ಹುಳದ ಮುಂದೆ ಕೂರುವ ಮನುಷ್ಯ, ನನಗೋಸ್ಕರ "ಆಜ್" ಎಂದಿದ್ದರು. ಆ ಒಂದು ಮಾತಿನಿಂದ ಅವರ ನಾಲ್ಕು ದಿನವೂ ಹೋಯಿತು, ನೋಡಿದ್ದೆಲ್ಲವೂ ಹೋಯಿತು. ಯಾರೂ ಓದದ ರಟ್ಟಿನಲ್ಲೂ, ನಾನು ಮೆಟ್ಟಿ ಬಿಸಾಡಿ ಎಂದದ್ದನ್ನು ಬರೆದಿರಲಿಲ್ಲ. ಪುರುಸೊತ್ತು ಇರಲಿಲ್ಲವಂತೆ!

ಕೆಲಸ ಹೋಗಬಹುದು. ಮನೆಯಲ್ಲಿ ಏನು ಹೇಳುವುದೆಂದು ಯೋಚಿಸಿದೆ. ಬುದಯ್ಯದ ಬದನೆ ತೋಟಗಳನ್ನೂ ಯೋಚಿಸಿದೆ. ರಾಶಿದ್ ಪೆನ್ನು ಹಿಡಿದು ಕಾಯುತ್ತಿದ್ದ.

"ಭಾನುವಾರ, ಬೆಳಿಗ್ಗೆ ಎಂಟು ಗಂಟೆ" ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದೆ. "ಮಣ್ಣಿನ ಹೆಂಟೆಯಲ್ಲಿ ಸಿಕ್ಕಿದರು."

"ತಂಗೀ!" ಎಂದರು ಚನಿಯಣ್ಣ.

ನಾನು ನಿಲ್ಲಿಸಲಿಲ್ಲ. ಒಂದೊಂದೇ ಸಾಲು ಓದಿದೆ, ಒಂದೊಂದೇ ಸಾಲು ಅವನು ಬರೆದುಕೊಂಡ. ಬುಧವಾರದ ಸಾಲಿಗೆ ಬಂದಾಗ ತಲೆ ಎತ್ತಿ, "ನೂರ ಹತ್ತು? ಇವರೇ ಎಣಿಸಿದ್ದಾ?" ಎಂದು ಕೇಳಿದ. ಚನಿಯಣ್ಣ ಅಪರಾಧಿಯಂತೆ ತಲೆ ಆಡಿಸಿದರು. ಅವನು ಆ ಸಂಖ್ಯೆಗೆ ಅಡಿಗೆರೆ ಎಳೆದ. ಹೊರಗೆ ಹೋದ ಆರು ಟ್ರಕ್ಕಿನ ಪಟ್ಟಿಯನ್ನು ಅವನು ಕೇಳುವ ಮೊದಲೇ ನಾನು ಪ್ರಿಂಟ್ ಮಾಡಿ ಕೊಟ್ಟೆ. ಅದರ ಮೇಲೆ ನನ್ನ "ಇಲ್ಲ" ಎಂಬ ಹಾಳೆಯನ್ನೂ ಇಟ್ಟೆ.

ಅವನು ಅದನ್ನು ನೋಡಿ, ಸಹಿ ನೋಡಿ, ನನ್ನ ಮುಖ ನೋಡಿದ. "ಸಿಕ್ಕಿದ ದಿನವೇ ಯಾರಿಗಾದರೂ ತಿಳಿಸಿದ್ದರೇ?"

"ನನಗೆ" ಎಂದೆ. "ಎಂಟು ಗಂಟೆಗೇ ತಂದು ತೋರಿಸಿದರು. ಇಲಾಖೆಗೆ ಹೇಳಬೇಕೆಂದೂ ಹೇಳಿದರು. ಇವರು ಅಡಗಿಸಿದ್ದಲ್ಲ. ಅಡಗಿಸಲು ಹೇಳಿದ್ದು ನಾನು."

ಫಾರ್ಮಿನಲ್ಲಿ ಆ ಸಾಲಿನ ಎದುರು ನನ್ನ ಹೆಸರು ಬರೆದುಕೊಂಡ. ಸ್ಪೆಲ್ಲಿಂಗ್ ಕೇಳಿದ. ಒಂದೊಂದೇ ಅಕ್ಷರ ಹೇಳಿದೆ.

"ಪುರುಸೊತ್ತು ಇರ್ಲಿಲ್ಲ ಅಂತ ನಾನು ಬರೆದಿದ್ದೆನಲ್ಲ ತಂಗೀ" ಎಂದರು ಚನಿಯಣ್ಣ. "ಅಷ್ಟೇ ಓದಿದ್ರೆ ಸಾಕಿತ್ತು."

"ಪುರುಸೊತ್ತು ಇತ್ತು, ಚನಿಯಣ್ಣ. ಮನಸ್ಸು ಇರ್ಲಿಲ್ಲ."

ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದ ರಾಶಿದ್, ಈಗ ಏನು ಹೇಳಿದಿರಿ, ಅದನ್ನೂ ಬರೆದುಕೊಳ್ಳಬೇಕೇ ಎಂದು ಕೇಳಿದ.

ಬರೆಯಿರಿ ಎಂದೆ.